ತೀರದ ಹರಕೆ

ನಮ್ಮ ಸೀಮೆ ಕೃತಜ್ಞತೆಯನ್ನು ಕಲ್ಲಿನಲ್ಲಿ ಕಡೆದಿಟ್ಟ ಸೀಮೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಹೊಯ್ಸಳ ಅರಸ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮರುವರ್ಷ. ಆ ದೇವರಿಗೆ ವಿಜಯನಾರಾಯಣ ಎಂಬ ಹೆಸರೂ ಇದೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ. ಅಲ್ಲಿಯ ಪ್ರಸಾದ ಅರಸನ ಕೈಸೇರುವ ಹೊತ್ತಿಗೆ ಯುದ್ಧದ ಗೆಲುವೂ ಗಂಡುಮಗುವಿನ ಜನನವೂ ಕೂಡಿಬಂದಿದ್ದವು; ದೇವರು ವಿಜಯಪಾರ್ಶ್ವನಾದ, ಮಗು ವಿಜಯನರಸಿಂಹನಾದ. ಇನ್ನು ಬಿಟ್ಟಿದೇವನ, ಅಂದರೆ ಇದೇ ವಿಷ್ಣುವರ್ಧನನ, ಮಗಳಿಗೆ ಯಾರಿಂದಲೂ ವಾಸಿಯಾಗದ ಬಾಧೆಯಿತ್ತು, ರಾಮಾನುಜರು ಅದನ್ನು ನೀಗಿದರು, ಅದಕ್ಕೇ ಅರಸ ವೈಷ್ಣವನಾದ ಎಂಬ ಕತೆಯಂತೂ ಎಲ್ಲರಿಗೂ ಗೊತ್ತು. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಜನ ಮಾತ್ರ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ, ನನಗಿಲ್ಲಿ ಮುಖ್ಯವಾಗುವುದೂ ಆ ನಂಬಿಕೆಯೇ. ಇಂಥ ದೊಡ್ಡ ಗುಡಿಯೊಂದು ಎದ್ದಿರಬೇಕಾದರೆ ಅದರ ಹಿಂದೆ ಒಂದು ಹೆಣ್ಣುಮಗಳ ಕಾಯಿಲೆ ಗುಣವಾಗಿರಲೇಬೇಕು ಎಂದು ಜನಕ್ಕೆ ತೋರಿತಲ್ಲ!

ಅರಸರದ್ದು ಕಲ್ಲಿನ ಗುಡಿಯಾದರೆ ಒಕ್ಕಲುಮಕ್ಕಳದ್ದು ಮುಡುಪು. ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ಮಗುವಿಗೆ ಜ್ವರ ಬಿಡದಿದ್ದರೆ ಈಗಲೂ ಅಜ್ಜಿಯರು ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಗೂಡಿನಲ್ಲಿಡುತ್ತಾರೆ. ವಾಸಿಯಾದ ಮೇಲೆ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೋ, ಮಾಲೇಕಲ್ಲು ತಿರುಪತಿಗೋ ಹೋಗಿ ಮುಡಿ ಕೊಟ್ಟು, ಕಾಯಿ ಒಡೆಸಿ, ಮುಡುಪನ್ನು ಹುಂಡಿಗೆ ಹಾಕಿ ಬರುತ್ತಾರೆ. ಹರಕೆ ತೀರಿತು ಎನ್ನುತ್ತಾರೆ. ಅರಮನೆಯಾಗಲಿ ಗುಡಿಸಲಾಗಲಿ ಲೆಕ್ಕ ಒಂದೇ: ಮೊದಲು ಕಷ್ಟ, ಆಮೇಲೆ ಬಿಡುಗಡೆ, ಅದಾದ ಮೇಲೆ ಋಣ ಸಂದಾಯ.

ಬಿಡುಗಡೆಯೇ ಇಲ್ಲದ ಕಾಯಿಲೆ ಬಂದವರು ಏನು ಮಾಡಬೇಕು? ಶುಗರ್ ಬಂದವರಿದ್ದಾರೆ, ಅದು ಹೋಗುವುದಿಲ್ಲ. ರುಮಟಾಯ್ಡ್ ಸಂಧಿವಾತದಿಂದ ಬೆಳಗಾಗೆದ್ದು ಮುಷ್ಟಿ ಬಿಡಿಸಲಾಗದವರಿದ್ದಾರೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ನಾಲ್ಕು ನಾಲ್ಕು ತಾಸು ಮಲಗಿ ಬರುವವರಿದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳೇ 10 ಕೋಟಿಗೂ ಹೆಚ್ಚು. ಇವರ ಮನೆಗಳಲ್ಲೂ ಮುಡುಪುಗಳಿವೆ. ಬಟ್ಟೆಯ ಅರಿಸಿನ ಮಾಸಿದ್ದರೂ ಗಂಟು ಬಿಚ್ಚಿಲ್ಲ. ಹರಕೆ ತೀರಿಸಲು ಕಾಯಿಲೆ ತೀರಬೇಕು. ಅದು ತೀರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ನಮ್ಮ ಧರ್ಮಗಳು ಕಾಯಿಲೆಯ ಎರಡು ತುದಿಗಳಿಗೆ ಚೆನ್ನಾಗಿ ವ್ಯವಸ್ಥೆ ಮಾಡಿಟ್ಟಿವೆ. ಗುಣವಾದರೆ ಹರಕೆ. ಗುಣವಾಗದೆ ಕೊನೆಗಾಲ ಬಂದರೆ, ನಮ್ಮ ಜಿಲ್ಲೆಯ ಶ್ರವಣಬೆಳಗೊಳವೇ ಒಂದು ಉತ್ತರ. ಮದ್ದಿಲ್ಲದ ರೋಗವನ್ನು ಜೈನರ ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ, ಅಂದರೆ ಆಹಾರ ಬಿಡುತ್ತಾ ದೇಹವನ್ನು ತೊರೆಯುವ ವ್ರತಕ್ಕೆ, ತಕ್ಕ ಕಾರಣಗಳಲ್ಲಿ ಒಂದೆಂದು ಹೇಳಿದ್ದಾರೆ. ಹಾಗೆ ದೇಹವನ್ನು ಬಿಟ್ಟವರ ನೆನಪಿನ ಶಾಸನಗಳು ಚಂದ್ರಗಿರಿಯ ಬಂಡೆಗಳ ಮೇಲೆ ಇವತ್ತಿಗೂ ಓದಲು ಸಿಗುತ್ತವೆ. ಆದರೆ ಈ ಎರಡರ ನಡುವೆ ಇಪ್ಪತ್ತು, ಮೂವತ್ತು ವರ್ಷಗಳ ಒಂದು ಬದುಕಿದೆ. ಗುಣವೂ ಇಲ್ಲ, ಸಾವೂ ಇಲ್ಲ. ಮಾತ್ರೆ, ಪಥ್ಯ, ರಕ್ತಪರೀಕ್ಷೆ, ಬಸ್ಸು, ಸಾಲ, ಅಡುಗೆ, ಮಗಳ ಮದುವೆ, ಮತ್ತೆ ಮಾತ್ರೆ. ಈ ನಡುಗಾಲಕ್ಕೆ ನಮ್ಮಲ್ಲಿ ಹೆಸರಿರುವ ಒಂದು ಆಚರಣೆಯೂ ಇಲ್ಲ. ಪುರಾಣ ಕೇಳುವಾಗಲೂ ಹಾಗೇ. ಶಾಪ ಸಿಕ್ಕಿದ್ದು ಗೊತ್ತಾಗುತ್ತದೆ, ವಿಮೋಚನೆಯಾದದ್ದು ಗೊತ್ತಾಗುತ್ತದೆ, ನಡುವಿನ ಸಾವಿರ ವರ್ಷವನ್ನು ಕತೆಗಾರ ಒಂದೇ ಮಾತಿನಲ್ಲಿ ದಾಟಿಸಿಬಿಡುತ್ತಾನೆ. ದೀರ್ಘ ಕಾಯಿಲೆಯವರು ಇರುವುದು ಆ ದಾಟಿಸಿದ ಭಾಗದಲ್ಲಿ.

ಅಲ್ಲಿರುವವರು ಕೃತಜ್ಞತೆಯ ಮಾತಾಡುತ್ತಾರೆ ಎಂಬುದು ಆಶ್ಚರ್ಯದ ಸಂಗತಿ. ನಾಟಕಕ್ಕಲ್ಲ, ಮನಸ್ಸಿನಿಂದಲೇ ಆಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಮಾತ್ರೆಗೆ ನಿಂತ ಮುದುಕಿ “ಇಷ್ಟಾದ್ರೂ ಇಟ್ಟವ್ನಲ್ಲ ದೇವ್ರು” ಎನ್ನುವುದನ್ನು ಕೇಳದವರಾರು? ಹೊರಗಿನಿಂದ ನೋಡುವವರಿಗೆ ಅದು ಮೌಢ್ಯವೆಂದೋ, ಸೋಲನ್ನು ಒಪ್ಪಿಕೊಂಡದ್ದೆಂದೋ ಕಾಣಬಹುದು. ನನಗೆ ಹಾಗೆನ್ನಿಸುವುದಿಲ್ಲ. ಆದರೆ ಆ ಮಾತಿನಲ್ಲಿರುವ ಕೃತಜ್ಞತೆ ಎಂಥದು, ಯಾರಿಗೆ ಸಲ್ಲಬೇಕಾದದ್ದು, ಎಲ್ಲಿಯವರೆಗೆ ಸರಿ ಎಂದು ವಿಚಾರಿಸಲೇಬೇಕಾಗಿದೆ. ಏಕೆಂದರೆ ರೋಗಿಗಳು ತಾವಾಗಿ ಕಂಡುಕೊಂಡ ಈ ಸಣ್ಣ ಬೆಳಕನ್ನು ಆರೋಗ್ಯವಂತರಾದ ನಾವು ಬಹಳ ಬೇಗ ಒಂದು ನಿಯಮವಾಗಿ ಮಾಡಿ ಅವರ ಮೇಲೆಯೇ ಹೇರುತ್ತೇವೆ.

ಹೇರುವ ರೀತಿ ಎರಡು. ಒಂದು ಹಳೆಯದು: ಇದು ಪಡೆದುಕೊಂಡು ಬಂದದ್ದು, ಹಿಂದಿನ ಜನ್ಮದ್ದು, ಅನುಭವಿಸಿ ತೀರಿಸು. ಇನ್ನೊಂದು ಈಚಿನದು, ಮೊಬೈಲಿನಲ್ಲಿ ಬೆಳಗಾದರೆ ಬರುವಂಥದು: ನಿನ್ನ ಕಾಯಿಲೆ ದೇವರು ಕೊಟ್ಟ ಉಡುಗೊರೆ, ಅದಕ್ಕೆ ನಗುತ್ತಾ ವಂದನೆ ಹೇಳು. ಮೊದಲನೆಯದು ರೋಗಿಯನ್ನು ಅಪರಾಧಿ ಮಾಡುತ್ತದೆ. ಎರಡನೆಯದು ಅವಳ ನೋವನ್ನೇ ಇಲ್ಲವೆನ್ನುತ್ತದೆ.

ಮೊದಲನೆಯದಕ್ಕೆ ಕನ್ನಡದಲ್ಲಿ ಒಂದು ಪ್ರಸಿದ್ಧ ಕತೆಯ ಬೆಂಬಲವಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರೆಂದರೆ ಅವರಿಗೆ ಅಸಡ್ಡೆ. ವಿಜಯದಾಸರು ಊಟಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ಹೊಟ್ಟೆಗಾಗದು ಎಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ಆ ನೆಪವೇ ನಿಜವಾಗಿ, ಸಹಿಸಲಾಗದ ಹೊಟ್ಟೆನೋವು ಹಿಡಿಯಿತು. ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರಲ್ಲಿಗೇ ಹೋಗಿ ಕ್ಷಮೆ ಕೇಳಿದರು. ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳಿಸಿದರು; ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ದಾನ ಮಾಡಿದರು. ಪಂಡಿತರು ಜಗನ್ನಾಥದಾಸರಾದರು, ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದರು.

ಈ ಕತೆಯನ್ನು ಹರಿಕಥೆಯಲ್ಲಿ ಹೇಳುವಾಗ ಒತ್ತು ಬೀಳುವುದು ಅಹಂಕಾರದ ಮೇಲೆ. ಗುರುನಿಂದೆ ಮಾಡಿದ್ದಕ್ಕೆ ರೋಗ ಬಂತು, ಶರಣಾದ್ದಕ್ಕೆ ಹೋಯಿತು. ಇದನ್ನು ಕೇಳುತ್ತಾ ಕೂತ ಸಭೆಯಲ್ಲಿ ಹತ್ತು ವರ್ಷದಿಂದ ಕರುಳಿನ ಕಾಯಿಲೆಯಿಂದ ನರಳುವ ಹೆಣ್ಣುಮಗಳೊಬ್ಬಳಿದ್ದರೆ ಅವಳು ಮನೆಗೆ ಒಯ್ಯುವುದೇನು? ನಾನು ಯಾರನ್ನು ನೋಯಿಸಿದೆ, ಯಾವ ದೇವರಿಗೆ ತಪ್ಪಿ ನಡೆದೆ ಎಂಬ ಹುಡುಕಾಟವನ್ನು. ತಪ್ಪು ಸಿಕ್ಕದಿದ್ದರೆ ಹಿಂದಿನ ಜನ್ಮವಿದೆ, ಅಲ್ಲಿ ಹುಡುಕಿ ಮುಗಿಯುವಂತೆಯೇ ಇಲ್ಲ. ಕರ್ಮಸಿದ್ಧಾಂತ ತತ್ತ್ವವಾಗಿ ಏನೇ ಇರಲಿ, ಹಾಸಿಗೆಯ ಪಕ್ಕದಲ್ಲಿ ನಿಂತು ಇನ್ನೊಬ್ಬರ ಮೇಲೆ ಅದನ್ನು ಪ್ರಯೋಗಿಸುವುದು ಕ್ರೌರ್ಯ. ಈ ಮಾತನ್ನು ಮೆದುಗೊಳಿಸುವ ಮನಸ್ಸು ನನಗಿಲ್ಲ.

ಆದರೆ ಅದೇ ಕತೆಯಲ್ಲಿ ಹರಿದಾಸರು ಇನ್ನೊಂದು ದೊಡ್ಡ ಸಂಗತಿಯನ್ನು ಇಟ್ಟಿದ್ದಾರೆ. ರೋಗಿಗೆ ಆಯುಷ್ಯ ಆಕಾಶದಿಂದ ಬೀಳಲಿಲ್ಲ, ಇನ್ನೊಬ್ಬ ಮನುಷ್ಯ ತನ್ನ ಪಾಲಿನದನ್ನು ತೆಗೆದುಕೊಟ್ಟ. ಅವನಿಗಿದ್ದ ವರ್ಷಗಳು ಕಡಿಮೆಯಾದವು. ಪವಾಡವೆಂದು ಕೈಮುಗಿದು ಮುಂದೆ ಹೋಗುವ ಬದಲು ಅಲ್ಲೇ ನಿಂತು ನೋಡಿದರೆ, ದೀರ್ಘ ಕಾಯಿಲೆ ಇರುವ ಪ್ರತಿ ಮನೆಯಲ್ಲೂ ಇದು ನಡೆಯುತ್ತಿದೆ ಎಂದು ಕಾಣುತ್ತದೆ. ಪಾರ್ಕಿನ್ಸನ್ ಬಂದ ಮಾವನಿಗೆ ತುತ್ತು ತಿನ್ನಿಸುವ ಸೊಸೆ, ಅರಸೀಕೆರೆಯಿಂದ ಹಾಸನಕ್ಕೋ ಬೆಂಗಳೂರಿಗೋ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಕೆಲಸ ಬಿಟ್ಟ ಮಗ, ಮಗುವಿಗೆ ಇನ್ಸುಲಿನ್ ಚುಚ್ಚಲು ರಾತ್ರಿ ಎದ್ದು ಕೂರುವ ತಾಯಿ. ಇವರೆಲ್ಲ ತಮ್ಮ ಆಯುಷ್ಯದಿಂದ ವರ್ಷಗಳನ್ನು ಎಣಿಸಿ ಕೊಡುತ್ತಿರುವವರು. ದಾಸರ ಕತೆ ಕೇಳಿ ಗದ್ಗದಿತರಾಗುವ ನಾವು ಈ ದಾನವನ್ನು ದಾನವೆಂದು ಕರೆಯುವುದೇ ಇಲ್ಲ, ಕರ್ತವ್ಯ ಎನ್ನುತ್ತೇವೆ. ಅದರಲ್ಲೂ ಕೊಡುವವಳು ಹೆಂಗಸಾದರೆ ಆ ಮಾತನ್ನೂ ಆಡುವುದಿಲ್ಲ. ಮನೆಯಲ್ಲಿ ಎರಡು ಹೊತ್ತು ದೀಪ ಹಚ್ಚಿ ದೇವರಿಗೆ ವಂದಿಸುವ ಎಷ್ಟೋ ರೋಗಿಗಳು ಹಾಸಿಗೆ ಬದಲಿಸುವ ಸೊಸೆಗೆ ಒಂದು ಒಳ್ಳೆಯ ಮಾತು ಆಡದೆ ವರ್ಷಗಳನ್ನು ಕಳೆದಿರುತ್ತಾರೆ. ಅವಳನ್ನು ದಾಟಿ ನೇರವಾಗಿ ದೇವರಿಗೆ ಹೋಗುವ ಕೃತಜ್ಞತೆ ದೇವರಿಗೂ ಮುಟ್ಟೀತೆಂದು ನನಗೆ ನಂಬಿಕೆಯಿಲ್ಲ.

ಇನ್ನೊಂದು ಕಡೆಯೂ ಇದೆ. ಕಾಯಿಲೆ ಬಿದ್ದವಳೇ ಆ ಸೊಸೆಯಾದರೆ? ಮನೆಯಲ್ಲಿ ಎಲ್ಲರಿಗೂ ವರ್ಷಗಳನ್ನು ಕೊಟ್ಟವಳಿಗೆ ಕೊಡಲು ಯಾರ ಹತ್ತಿರವೂ ಮಿಕ್ಕಿರುವುದಿಲ್ಲ. ಅವಳು ಮಂಡಿನೋವಿನಲ್ಲೇ ಸೌದೆ ಹೊರುತ್ತಾಳೆ, ನಾನು ಯಾರಿಗೂ ಹೊರೆಯಾಗಬಾರದು ಎನ್ನುತ್ತಾಳೆ, ಕೈಕಾಲು ಗಟ್ಟಿಯಿರುವಾಗಲೇ ಕರೆದುಕೊಳ್ಳಪ್ಪ ಎಂದು ಬೇಡಿಕೊಳ್ಳುತ್ತಾಳೆ. ನಮ್ಮ ಹಳ್ಳಿಗಳ ಅತಿ ಸಾಮಾನ್ಯ ಪ್ರಾರ್ಥನೆ ಇದು. ಭಕ್ತಿಯ ಮಾತಿನಂತೆ ಕೇಳುವ ಇದರೊಳಗೆ ಮನೆಯವರ ಮೇಲಿಟ್ಟ ಭರವಸೆ ಕಳೆದುಹೋದದ್ದು ಕೇಳಿಸುತ್ತದೆ.

ಎರಡನೆಯ ಹೇರಿಕೆಗೆ, ಕಾಯಿಲೆಯೇ ಉಡುಗೊರೆ ಎಂಬ ಮಾತಿಗೆ, ಉಪನಿಷತ್ತಿನ ಆಧಾರವನ್ನೂ ಕೆಲವರು ಕೊಡುವುದುಂಟು. ಬೃಹದಾರಣ್ಯಕದ ಐದನೆಯ ಅಧ್ಯಾಯದಲ್ಲಿ ಒಂದು ಸಣ್ಣ ಭಾಗವಿದೆ. ರೋಗಿ ರೋಗದಲ್ಲಿ ಬೇಯುವುದು ಪರಮ ತಪಸ್ಸು ಎನ್ನುತ್ತದೆ ಅದು. ಮೊದಲ ಸಲ ಓದುವವರಿಗೆ ಮೈ ನಡುಗಿಸುವ ಮಾತು. ಗುಹೆಗೆ ಹೋಗದೆ, ಉಪವಾಸ ಮಾಡದೆ, ಇದ್ದ ಹಾಸಿಗೆಯಲ್ಲೇ ಒಬ್ಬ ಸಾಮಾನ್ಯ ಮನುಷ್ಯನನ್ನು ಋಷಿಗಳ ಸಾಲಿಗೆ ತಂದು ಕೂರಿಸುತ್ತದೆ. ಆದರೆ ಆ ಮಾತಿಗೆ ಒಂದು ಕಟ್ಟು ಇದೆ: ಹಾಗೆಂದು ಅರಿತವನಿಗೆ ಮಾತ್ರ ಆ ಫಲ. ಅರಿಯಬೇಕಾದವನು ಬೇಯುತ್ತಿರುವವನೇ ಹೊರತು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವನಲ್ಲ. ತಪಸ್ಸನ್ನು ಇನ್ನೊಬ್ಬರು ಹೇಳಿ ಮಾಡಿಸಿದರೆ ಅದು ಶಿಕ್ಷೆಯಾಗುತ್ತದೆ. ಶ್ರವಣಬೆಳಗೊಳದ ವ್ರತಕ್ಕೂ ಇದೇ ನಿಯಮ. ಯಾರ ಒತ್ತಾಯವೂ ಇಲ್ಲದೆ, ತಿಳಿದು, ತಾನೇ ಕೈಗೊಂಡರೆ ಮಾತ್ರ ಅದು ಸಲ್ಲೇಖನ. ನೋವಿಗೆ ಅರ್ಥ ಕೊಡುವ ಹಕ್ಕು ನೋಯುವವರದ್ದೇ ಎಂಬ ವಿಷಯದಲ್ಲಿ ವೈದಿಕರೂ ಜೈನರೂ ಒಂದೇ ಕಡೆ ಇದ್ದಾರೆ.

ಹಾಗೆ ನೋಯುವವರೇ ಅರ್ಥ ಕಂಡುಕೊಂಡಾಗ ಅದು ಹೇಗಿರುತ್ತದೆ? ಜೇನುಕಲ್ಲು ಬೆಟ್ಟಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಜನ ಬರುತ್ತಾರೆ. ಅವರಲ್ಲಿ ಹರಕೆ ತೀರಿಸಲು ಒಂದು ಸಲ ಬಂದು ಹೋಗುವವರು ಕೆಲವರಾದರೆ, ಏನೂ ತೀರದೆ ತಿಂಗಳು ತಿಂಗಳೂ ಬರುವವರು ಇನ್ನು ಕೆಲವರು. ಈ ಎರಡನೆಯವರಲ್ಲಿ ಹರಕೆಯ ಲೆಕ್ಕ ಬಿದ್ದುಹೋಗಿರುತ್ತದೆ. ಕೊಟ್ಟೆಯಾದರೆ ಕೊಡುತ್ತೇನೆ ಎಂಬ ಮಾತಿಲ್ಲ. ಈ ತಿಂಗಳೂ ಬಂದೆ, ಅಷ್ಟೇ. ಹತ್ತಲಾಗದವರು ಬುಡದಲ್ಲೇ ನಿಂತು ಮೇಲೆ ನೋಡಿ ಕೈಮುಗಿಯುತ್ತಾರೆ, ಹತ್ತುವವರ ಕೈಯಲ್ಲಿ ಕಾಯಿ ಕಳಿಸುತ್ತಾರೆ. ಹುಣ್ಣಿಮೆ ಮತ್ತೆ ಬರುವಂಥದು, ಕಾಯಿಲೆಯೂ ಮತ್ತೆ ಮತ್ತೆ ಬರುವಂಥದು. ಗುಡಿ ಕಟ್ಟಿಸುವ ಒಂದೇ ಸಲದ ಕೃತಜ್ಞತೆಗಿಂತ ಈ ತಿಂಗಳ ತಿಂಗಳಿನ ಕೃತಜ್ಞತೆಯೇ ದೀರ್ಘ ರೋಗಿಯ ಕಾಲಕ್ಕೆ ಹೊಂದುತ್ತದೆ. ನಡುಗಾಲಕ್ಕೆ ಆಚರಣೆಯಿಲ್ಲ ಎಂದೆನಲ್ಲ, ಜನ ಯಾರನ್ನೂ ಕೇಳದೆ ತಾವೇ ಒಂದನ್ನು ಮಾಡಿಕೊಂಡಿದ್ದಾರೆ.

ಶರಣರು ಇದನ್ನು ಇನ್ನೂ ಹತ್ತಿರಕ್ಕೆ ತಂದರು. ಇಷ್ಟಲಿಂಗಕ್ಕೆ ಬೆಟ್ಟ ಬೇಡ, ಮೆಟ್ಟಿಲು ಬೇಡ. ಎದ್ದು ಕೂರಲು ಬಂದರೆ ಸಾಕು, ಅಂಗೈಯೇ ಪೀಠ. ದೇಹವನ್ನೇ ದೇಗುಲವೆಂದ, ಕಾಲುಗಳನ್ನೇ ಕಂಬವೆಂದ ಬಸವಣ್ಣನವರ ವಚನ ನಮಗೆಲ್ಲ ಬಾಯಿಪಾಠ. ಆ ವಚನವನ್ನು ಕಾಲು ಸ್ವಾಧೀನದಲ್ಲಿಲ್ಲದವರ ಎದುರು ಹಾಡುವಾಗ ನನಗೆ ಒಂದು ಅಳುಕು ಹುಟ್ಟುತ್ತದೆ: ಕಂಬ ಬಿದ್ದರೆ ಗುಡಿ ಹೋಯಿತೇ? ಆದರೆ ವಚನದ ಕೊನೆಯ ಭಾಗಕ್ಕೆ ಬಂದಾಗ ಸಮಾಧಾನವಾಗುತ್ತದೆ. ಗಟ್ಟಿಯಾಗಿ ನಿಂತದ್ದೇ ಅಳಿಯುವುದೆಂದೂ ಚಲಿಸುವುದಕ್ಕೆ ಅಳಿವಿಲ್ಲವೆಂದೂ ಬಸವಣ್ಣನವರು ಹೇಳಿದಾಗ, ಅವರು ಗಟ್ಟಿಮುಟ್ಟಾದ ಮೈಯನ್ನು ಹೊಗಳುತ್ತಿರಲಿಲ್ಲ. ಹಾಸಿಗೆಯಿಂದ ಏಳಲಾಗದವರಲ್ಲೂ ಜಂಗಮವಾದದ್ದು ಒಂದಿದೆ. ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವ, ಬೀದಿಯಲ್ಲಿ ಹೋಗುವವರನ್ನು ಹೆಸರಿಟ್ಟು ಕೂಗಿ ಮಾತಾಡಿಸುವ, ತೋಟದ ತೆಂಗಿಗೆ ನುಸಿ ಬಿತ್ತೆಂದರೆ ಮಲಗಿದಲ್ಲಿಂದಲೇ ಉಪಾಯ ಹೇಳುವ ಚೈತನ್ಯ ಅದು. ಅದು ಉಳಿದಿದೆ ಎಂದು ತಿಳಿದಾಗ ಬರುವ ಕೃತಜ್ಞತೆಗೂ ಕಾಯಿಲೆ ಬಂದದ್ದಕ್ಕೆ ಹೇಳುವ ವಂದನೆಗೂ ಅಜಗಜಾಂತರ. ಕಾಯಿಲೆಯೊಳಗೆ ಇದ್ದುಕೊಂಡು ಕೃತಜ್ಞರಾಗಿರಬಹುದು. ಕಾಯಿಲೆಗೆ ಕೃತಜ್ಞರಾಗಬೇಕೆಂದು ಯಾರೂ ಕೇಳಕೂಡದು.

ಈ ವಿಷಯದಲ್ಲಿ ಪ್ರಯೋಗವೂ ನಡೆದಿದೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ನರ ಮತ್ತು ಸ್ನಾಯುಗಳ ಕಾಯಿಲೆಯಿದ್ದವರು ಮೂರು ವಾರ ದಿನವೂ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದಿಟ್ಟರು. ಹಾಗೆ ಬರೆಯದವರಿಗಿಂತ ಅವರ ಮನಸ್ಸು ಹಗುರಾಗಿತ್ತು, ನಿದ್ದೆ ಚೆನ್ನಾಗಿತ್ತು, ಇತರರೊಡನೆ ಹತ್ತಿರವಾದ ಭಾವನೆಯಿತ್ತು. ಕಾಯಿಲೆ ಗುಣವಾಯಿತೆಂದು ಅವರು ಹೇಳಲಿಲ್ಲ. ನಿದ್ದೆ ಚೆನ್ನಾಗಿ ಬಂತು ಎಂಬುದು ಸಣ್ಣ ಮಾತಲ್ಲ, ನೋವಿರುವವರನ್ನು ಕೇಳಿ. ಆದರೆ ಇದನ್ನೇ ಹಿಡಿದುಕೊಂಡು ಕೃತಜ್ಞತೆಯನ್ನು ಮಾತ್ರೆಯಂತೆ ಬರೆದುಕೊಡುವವರು ಈಗ ಹೆಚ್ಚಾಗಿದ್ದಾರೆ. ಆ ರೋಗಿಗಳಿಗೆ ಏನು ಬರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವರವರ ದಿನದಲ್ಲಿ ಅವರವರಿಗೆ ಸಿಕ್ಕಿದ್ದನ್ನು ಬರೆದರು.

ನಾವು ಹೇಳಿಕೊಡುವುದೇ ಬೇರೆ. “ನಿನಗಿಂತ ಕಷ್ಟದಲ್ಲಿರೋರನ್ನ ನೋಡು” ಎನ್ನುತ್ತೇವೆ. ಕಿಡ್ನಿ ಹೋದವರನ್ನು ನೋಡಿ ಶುಗರ್ ಇದ್ದವರು ಸಮಾಧಾನ ಪಡಬೇಕು, ಕ್ಯಾನ್ಸರ್ ಆದವರನ್ನು ನೋಡಿ ಕಿಡ್ನಿ ಹೋದವರು. ಕ್ಯಾನ್ಸರ್ ಆದವರು ಯಾರನ್ನು ನೋಡಬೇಕು? ಇನ್ನೊಬ್ಬರ ದುಃಖವನ್ನು ಕಾಲ್ಮಣೆ ಮಾಡಿಕೊಂಡು ಎತ್ತರಕ್ಕೆ ಕಾಣುವ ಸಮಾಧಾನವನ್ನು ಅಧ್ಯಾತ್ಮ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ನರ್ಸ್ ಆಗಿದ್ದವರು, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ವೈದ್ಯೆ. ಮೈಯ ನೋವು, ಮನಸ್ಸಿನ ನೋವು, ಮನೆ ಮತ್ತು ಹಣದ ನೋವು, ಆತ್ಮದ ನೋವು ಇವನ್ನು ಬಿಡಿಸಿ ನೋಡಲಾಗದು, ಒಟ್ಟು ನೋವು ಎಂದೇ ನೋಡಬೇಕು ಎಂದವರು ಅವರು. ನಮ್ಮ ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವುದು ಇದೇ ದಾರಿಯಲ್ಲಿ. ಈ ಬಗೆಯ ಆರೈಕೆಯಲ್ಲಿ ಆತ್ಮದ ಮಾತಿಗೆ ಸ್ಥಳವಿದೆ, ಆದರೆ ಮೊದಲು ಮೈಯ ನೋವಿಗೆ ಔಷಧಿ. ಔಷಧಿ ಕೊಡದೆ ಉಪದೇಶ ಕೊಟ್ಟರೆ ಅದು ಯಾವ ಧರ್ಮವೂ ಅಲ್ಲ.

ಈ ಮಾತು ಅರಸೀಕೆರೆಗೆ ಬೇರೊಂದು ರೀತಿಯಲ್ಲಿ ಅನ್ವಯಿಸುತ್ತದೆ. ನಮ್ಮ ಜಿಲ್ಲೆಯ ಪಶ್ಚಿಮದ ಸಕಲೇಶಪುರದಲ್ಲಿ ಮಳೆ ಸುರಿಯುತ್ತದೆ, ಪೂರ್ವದ ಅರಸೀಕೆರೆ ಬಯಲುಸೀಮೆ. ಕೆರೆಗಳು ಬತ್ತಿದಂತೆ ಜನ ಕೊಳವೆಬಾವಿಗಳ ಆಳಕ್ಕಿಳಿದರು. ಗ್ರಾನೈಟ್ ಜಾತಿಯ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ತಾಲ್ಲೂಕಿನ ಎಷ್ಟೋ ಹಳ್ಳಿಗಳು ಅದನ್ನೇ ಕುಡಿದವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಮಿತಿ ಮೀರಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದ ದೊಡ್ಡವರ ಮೂಳೆಯಲ್ಲಿ ಅದು ಶೇಖರವಾಗುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗಲಾರದೆ ಕಟ್ಟಿಗೆಯಾಗುತ್ತದೆ. ಆಗಿಹೋದದ್ದಕ್ಕೆ ಮದ್ದಿಲ್ಲ. ಇರುವ ಒಂದೇ ಉಪಾಯ ನೀರನ್ನು ಬದಲಿಸುವುದು. ಮೂಳೆಯ ಈ ರೋಗವನ್ನು 1937ರಷ್ಟು ಹಿಂದೆಯೇ ನೆಲ್ಲೂರಿನ ಹಳ್ಳಿಗಳಲ್ಲಿ ಗುರುತಿಸಿ ಬರೆದಿದ್ದರು. ಅದರ ತಡೆಗೆಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ಈ ಎಪ್ಪತ್ತು ವರ್ಷಗಳಲ್ಲಿ ಎಷ್ಟು ಜನ ತಮ್ಮ ಬೆನ್ನನ್ನು ಹಣೆಬರಹವೆಂದು ಹೊತ್ತು ನಡೆದರೋ!

ಇಲ್ಲಿ ಕೃತಜ್ಞತೆಗೆ ಒಂದು ಎಲ್ಲೆ ಹಾಕಲೇಬೇಕು. ಬೆನ್ನು ಬಾಗದ ಮುದುಕ ಈ ಹೊತ್ತಿನ ಅನ್ನಕ್ಕೆ, ಪಕ್ಕದ ಮನೆಯವರು ತಂದುಕೊಟ್ಟ ಕೊಡ ನೀರಿಗೆ, ಇನ್ನೂ ಕಾಣುವ ಕಣ್ಣಿಗೆ ದೇವರನ್ನು ನೆನೆದರೆ ಅದು ಅವನ ದೊಡ್ಡತನ. ಅದೇ ಸಮಾಧಾನವನ್ನು ತೋರಿಸಿ, ನೋಡಿ ಹೇಗೆ ಒಪ್ಪಿಕೊಂಡಿದ್ದಾನೆ ಎಂದು ನಾವು ಸುಮ್ಮನಾದರೆ ಅದು ನಮ್ಮ ಸಣ್ಣತನ. ಅವನ ಮೂಳೆಗೆ ಇಳಿದದ್ದು ಪೂರ್ವಜನ್ಮವಲ್ಲ, ಪರೀಕ್ಷೆ ಮಾಡದೆ ಕುಡಿಸಿದ ನೀರು. ಹೇಮಾವತಿಯ ನೀರು ಪೈಪಿನಲ್ಲಿ ತಾಲ್ಲೂಕಿಗೆ ಬರಲು ಜನ ಎಷ್ಟೋ ವರ್ಷ ಕೇಳಬೇಕಾಯಿತು. ಹಾಗೆ ಕೇಳಿದವರಲ್ಲಿ ದೇವರಿಗೆ ಕೈಮುಗಿಯುವವರೂ ಇದ್ದರು, ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಹೊಯ್ಸಳರ ಕಾಲದ ರಾಣಿಯೊಬ್ಬಳು ಕಟ್ಟಿಸಿದಳೆಂಬ ಕೆರೆಯಿಂದಲೇ ಊರಿಗೆ ಹೆಸರು ಬಂದಿದೆ. ಅದರ ಹತ್ತಿರದಲ್ಲೇ 1220ರ ಹೊತ್ತಿನ ಈಶ್ವರ ದೇವಾಲಯ ನಕ್ಷತ್ರದಾಕಾರದ ಮಂಟಪದೊಂದಿಗೆ ನಿಂತಿದೆ. ಆ ಕಾಲದ ಜನ ಕೆರೆ ಕಟ್ಟಿಸುವುದನ್ನು ಗುಡಿ ಕಟ್ಟಿಸುವುದರ ಜೊತೆಗೇ ಸಪ್ತಸಂತಾನಗಳೆಂಬ ಏಳು ಪುಣ್ಯಕಾರ್ಯಗಳಲ್ಲಿ ಎಣಿಸಿದ್ದರು. ಒಳ್ಳೆಯ ನೀರು ಕೊಡುವುದು ಅವರಿಗೆ ಧರ್ಮದ ಹೊರಗಿನ ಕೆಲಸವಾಗಿರಲಿಲ್ಲ. ಊರಿನ ಮಠ, ದೇವಸ್ಥಾನ, ಜಾತ್ರಾ ಸಮಿತಿಗಳು ಅನ್ನದಾಸೋಹದಷ್ಟೇ ಶ್ರದ್ಧೆಯಿಂದ ನೀರಿನ ಪರೀಕ್ಷೆಯ ಮಾತೆತ್ತಿದರೆ ರೋಗಿಗೆ ಹೇಳುವ ಹತ್ತು ಪ್ರವಚನಗಳಿಗಿಂತ ಅದು ಮೇಲು.

ಇಷ್ಟಾದ ಮೇಲೂ ಕೆಲವು ದಿನಗಳಿರುತ್ತವೆ. ನೋವು ಕೆರಳಿದ ದಿನ, ಇನ್ಸುಲಿನ್ ತೆಗೆದುಕೊಂಡೂ ಸಕ್ಕರೆ ಇಳಿಯದ ದಿನ, ಡಯಾಲಿಸಿಸ್ ಮುಗಿಸಿ ಬಂದು ತಲೆ ಎತ್ತಲಾಗದ ಸಂಜೆ. ಆಗ ಯಾವ ಕೃತಜ್ಞತೆಯೂ ಹುಟ್ಟುವುದಿಲ್ಲ. ನಿನ್ನೆಯವರೆಗೆ “ಇಷ್ಟಾದ್ರೂ ಇಟ್ಟವ್ನಲ್ಲ” ಎಂದವಳು ಇವತ್ತು ದೇವರ ಗೂಡಿನ ಕಡೆ ಬೆನ್ನು ಹಾಕಿ ಮಲಗುತ್ತಾಳೆ. ಆ ದಿನಗಳನ್ನು ನಂಬಿಕೆಯ ಸೋಲೆಂದು ಬರೆದುಕೊಳ್ಳುವವರಿಗೆ ನಮ್ಮ ಹರಿದಾಸರ ನಿಂದಾಸ್ತುತಿಗಳನ್ನು ನೆನಪಿಸಬೇಕು. ಪುರಂದರದಾಸರಂಥವರು ದೇವರನ್ನು ಕಟುಕನೆಂದರು, ಕೊಟ್ಟ ಮಾತು ತಪ್ಪುವವನೆಂದರು, ಎದುರಿಗೆ ನಿಲ್ಲಿಸಿ ಲೆಕ್ಕ ಕೇಳಿದರು. ಆ ಹಾಡುಗಳನ್ನು ಭಜನೆಯಲ್ಲಿ ತಾಳ ಹಾಕಿ ಹಾಡುತ್ತೇವೆ. ಮನೆಯಲ್ಲಿ ಮಲಗಿರುವ ಅತ್ತೆಯೋ ಅಕ್ಕನೋ ಅದನ್ನೇ ತನ್ನ ಮಾತಿನಲ್ಲಿ ಅಂದರೆ ಮಾತ್ರ “ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನು” ಎಂದು ಬಾಯಿ ಮುಚ್ಚಿಸುತ್ತೇವೆ. ನಂಬದವನೊಡನೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಅವಳ ಸಿಟ್ಟನ್ನು ನುಂಗಿಸಿ, ನಗುಮುಖದ ಒಂದು ವಂದನೆಯನ್ನು ಅವಳಿಂದ ಹೊರಡಿಸಿದರೆ ನಾವು ಅವಳ ಕೈಯಲ್ಲಿ ದೇವರೆದುರು ಸುಳ್ಳು ಹೇಳಿಸಿದಂತೆ. ಅವಳು ಬಯ್ಯುವಷ್ಟು ಬಯ್ಯಲಿ. ಮನೆಯವರು ಅಷ್ಟರಲ್ಲಿ ನೀರು ಕಾಯಿಸಿ ಮಂಡಿಗೆ ಶಾಖ ಕೊಟ್ಟು, ಮಾತ್ರೆಯ ಹೊತ್ತಾಯಿತೇ ಎಂದು ನೋಡಲಿ.